ಗುರುವಾರದ ಕೆಂಪು

ಆಸ್ಪತ್ರೆ ಸ್ಟೋರಿನ ಚಿಗುಂಬು ಪ್ಲಾಸ್ಟಿಕ್ ಚೀಲವೊಂದನ್ನು ಕೋಲಿನ ತುದಿಯಿಂದ ಕಿಟಕಿಯಾಚೆ ತಳ್ಳಿ, "ಮೀಡಿಯಂ ಸೈಜು. ಹಿಡಿಸ್ಲಿಲ್ಲ ಅಂದ್ರೆ ತೆಳ್ಳಗಾಗು," ಎಂದ.

ನೆತ್ಸಾಯಿ ಅಲ್ಲೇ ನಿಂತು ಚೀಲದ ಬಾಯಿ ಬಿಡಿಸಿದಳು. ಒಳಗೆ ಇಣುಕಿದವಳು ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಥಟ್ಟನೆ ಮುಚ್ಚಿದಳು. ಕೆಂಪು ಕುಪ್ಪಸ, ಅದಕ್ಕೆ ಅಗಲವಾದ ಬಿಳಿ ಕಾಲರು, ಕೆಳಗೆ ಕರಿ ಲಂಗ.

"ಇದನ್ನ ಯಾರು ಆರಿಸಿದ್ದು?" ಎಂದು ಕೇಳಿದಳು.

"ಹರಾರೆಯೋರು. ಗೋಡೆ ಮೇಲೆ ಪಟ ಅಂಟ್ಸಿದಾರಲ್ಲ, ಕಣ್ಣಿಗೆ ಬೀಳ್ಲಿಲ್ವಾ? ನರ್ಸ್‌ಗಳಿಗೆ ನೀಲಿ, ಆಪರೇಷನ್ ಕೋಣೆಯೋರಿಗೆ ಹಸಿರು, ಲ್ಯಾಬಿನೋರಿಗೆ ಬೂದು, ಗುಡಿಸೋರಿಗೆ ಕೆಂಪು. ಯಾರು ಯಾರು ಅಂತ ರೋಗಿಗೆ ದೂರದಿಂದ್ಲೇ ಗೊತ್ತಾಗ್ಬೇಕಂತೆ."

"ಆ ಕೋಲು ಯಾಕೆ?"

ಉತ್ತರಿಸಿದ್ದು ಹಿಂದೆ ಸಾಲಿನಲ್ಲಿ ನಿಂತಿದ್ದ ಲವ್‌ನೆಸ್. ಅವಳೂ ಗುಡಿಸುವವಳೇ, ಹೆರಿಗೆ ವಾರ್ಡಿನವಳು. "ಇವರದು ಬಿಳಿ ನಿಲುವಂಗಿ ಪಂಥ ಅಲ್ವೇನೇ, ಕೆಂಪು ಮುಟ್ಟೋ ಹಾಗಿಲ್ಲ. ಆಸ್ಪತ್ರೆ ಮಾತ್ರೆನೂ ನುಂಗೋ ಹಾಗಿಲ್ಲ. ಆಸ್ಪತ್ರೆ ಸಂಬಳ ಮಾತ್ರ ನೀರಿಲ್ದೇನೇ ನುಂಗ್ತಾರೆ." ಸಾಲಿಗೆ ಸಾಲೇ ನಕ್ಕಿತು. ಚಿಗುಂಬು ಗಡ್ಡ ಸವರಿಕೊಂಡು ಮುಂದಿನ ಚೀಲವನ್ನು ಕೋಲಿನಿಂದ ಎಳೆದುಕೊಂಡ. ನೆತ್ಸಾಯಿಗೆ ಮಾತ್ರ ನಗು ಬರಲಿಲ್ಲ.

ರಾಜಧಾನಿ ಹರಾರೆಯಲ್ಲಿ ಕುಳಿತು ಬಣ್ಣ ಆರಿಸಿದ ಮಹಾನುಭಾವ ಯಾವ ಚರ್ಚಿನವನೋ, ಅಥವಾ ಯಾವುದಕ್ಕೂ ಹೋಗದವನೋ ಯಾರಿಗೆ ಗೊತ್ತು. ನಮ್ಮ ಚಿಮೊಂಡೆಯಲ್ಲಿ ಬಿಳಿ ಕಾಲರಿನ ಕೆಂಪು ಕುಪ್ಪಸವೆಂದರೆ ಗುರುವಾರದ ಹೆಂಗಸರು. ಗುರುವಾರ ಮಧ್ಯಾಹ್ನವಾಯಿತೆಂದರೆ ಟೊಮೇಟೊ ಮಾರುವವಳು ಬುಟ್ಟಿ ಮುಚ್ಚುತ್ತಾಳೆ, ಟೀಚರಮ್ಮ ಮಕ್ಕಳಿಗೆ ಲೆಕ್ಕ ಕೊಟ್ಟು ಹೊರಡುತ್ತಾಳೆ. ಎಲ್ಲರೂ ಕೆಂಪು ತೊಟ್ಟು ಚರ್ಚಿನ ಅಂಗಳದಲ್ಲಿ ಸೇರಿ ಡೋಲು ಬಡಿದು, ಹೋಶೋ ಎಂಬ ಸೋರೆಬುರುಡೆಯ ಗಿಲಕಿಗಳನ್ನು ಗಲಗಲ ಆಡಿಸಿ, ಹಾಡಿ, ಮಂಡಿಯೂರಿ ಅತ್ತು, ಆಮೇಲೆ ಕಾಯಿಲೆಯವರ ಮನೆಗೆ ನಡೆಯುತ್ತಾರೆ. ಆ ಕುಪ್ಪಸ ಅಂಗಡಿಯಲ್ಲಿ ಸಿಗುವುದಲ್ಲ. ಮದುವೆಯಾಗಿರಬೇಕು, ಬರೀ ಕರಿ ಲಂಗದಲ್ಲಿ ವರ್ಷಗಟ್ಟಲೆ ಹಿಂದಿನ ಚಾಪೆಯಲ್ಲಿ ಕುಳಿತು ಕಾಯಬೇಕು, ಕೊನೆಗೆ ಪಾದ್ರಿಯ ಪ್ರಾರ್ಥನೆಯ ನಡುವೆ ಹಿರಿಯಳೊಬ್ಬಳು ತನ್ನ ಕೈಯಾರೆ ತೊಡಿಸಬೇಕು. ತೊಟ್ಟ ಮೇಲೆ ಬೀದಿಯಲ್ಲಿ ಏನೂ ಅಗಿಯುವಂತಿಲ್ಲ, ಬಾಯಿ ಮಾಡುವಂತಿಲ್ಲ. ಸತ್ತರೆ ಅದರಲ್ಲೇ ಮಣ್ಣಾಗಬೇಕು. ಅವರು ಎದುರು ಬಂದರೆ ಕುಡುಕನೂ ಟೋಪಿ ತೆಗೆಯುತ್ತಾನೆ.

ನೆತ್ಸಾಯಿಯ ತಾಯಿ ಅಂಥವಳು. ಬುಧವಾರ ಸಂಜೆ ಆ ಕುಪ್ಪಸಕ್ಕೆ ಇಸ್ತ್ರಿ ಹಾಕುವುದು ಹುಡುಗಿ ನೆತ್ಸಾಯಿಯ ಕೆಲಸವಾಗಿತ್ತು. ಇದ್ದಿಲ ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು, ಕಾಲರಿನ ಮೇಲೆ ಬೂದಿ ಹಾರದಂತೆ ಉಸಿರು ಬಿಗಿಹಿಡಿದು ತೀಡುವಾಗ, ನಾನೂ ಒಂದು ದಿನ ಇದನ್ನು ತೊಡುತ್ತೇನೆ ಎಂದುಕೊಳ್ಳುತ್ತಿದ್ದಳು. ಬೇರೆ ಹುಡುಗಿಯರು ಮದುವೆಯ ಗೌನಿನ ಕನಸು ಕಂಡರೆ ಇವಳದು ಇದು. ಆ ಕುಪ್ಪಸದಲ್ಲೇ ತಾಯಿಯನ್ನು ಮಣ್ಣು ಮಾಡಿದ ಮೇಲೆ ಆಸೆ ಇನ್ನೂ ಗಟ್ಟಿಯಾಯಿತು.

ಮದುವೆಯ ಮಾತು ನಡೆದು ಹುಡುಗನ ಕಡೆಯವರು ತೆರ ಕೊಡಲು ಒಪ್ಪಿದ್ದರಿಂದ ಹೆಂಗಸರು ಅವಳನ್ನು ಹಿಂದಿನ ಚಾಪೆಗೆ ಸೇರಿಸಿಕೊಂಡಿದ್ದರು. ಕಾಯುವ ಕಾಲ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಆ ಪುಣ್ಯಾತ್ಮ ಗಡಿಯಾಚೆ ಜೋಬರ್ಗಿಗೆ ದುಡಿಯಲು ಹೋದವನು ಹೋದವನೇ. ಊರಿಗೆ ಉಳಿದದ್ದು ನೆತ್ಸಾಯಿಯ ಬಸುರು. ಎಲ್ಲರೆದುರು ನಿಂತು ಪಾಪ ಒಪ್ಪಿಕೊಂಡು ಪಶ್ಚಾತ್ತಾಪ ಪಡು, ಕಾಲ ಬಂದಾಗ ನೋಡೋಣ ಎಂದರು ಹೆಂಗಸರು. ಅವಳು ನಿಂತಳು. "ಆ ಗಂಡಸನ್ನ ನಂಬಿದ್ದಕ್ಕೆ ಪಶ್ಚಾತ್ತಾಪ ಪಡ್ತೀನಿ. ಮಗೂಗೆ ಪಡಲ್ಲ," ಎಂದಳು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿರುವಾಗ ಅದನ್ನು ಪಾಪ ಎಂದು ಕರೆಯಲು ಅವಳಿಗೆ ಬಾಯಿ ಬರಲಿಲ್ಲ. ಹೆಂಗಸರ ಮುಂದಾಳು ಅಂಬೂಯಾ ಮುಚೇನಾ ಎದ್ದು, "ಹಾಗಾದ್ರೆ ನಿನಗೆ ಈ ಚಾಪೆ ಇಲ್ಲ," ಎಂದು ಬಾಗಿಲು ತೋರಿಸಿದ್ದಳು. ಅಂಬೂಯಾ ಎಂದರೆ ಅಜ್ಜಿ. ಆದರೆ ಆ ಅಜ್ಜಿಯ ಮಾತನ್ನು ಪಾದ್ರಿಯೂ ಮೀರುತ್ತಿರಲಿಲ್ಲ. ಈಗ ಮಗಳು ರುವಾರಾಶೆ ಅಮ್ಮನ ಭುಜದೆತ್ತರ ಬೆಳೆದಿದ್ದಾಳೆ. ಊರೆಲ್ಲ ನೆತ್ಸಾಯಿಯನ್ನು ಮಾಯಿ ರುವಾ, ರುವಾಳ ತಾಯಿ, ಎಂದೇ ಕರೆಯುತ್ತದೆ. ಭಾನುವಾರ ಅವಳು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಗುರುವಾರ ಆ ಕಡೆ ತಲೆ ಹಾಕುವುದಿಲ್ಲ.

ಹೀಗಿರುವಾಗ ಆ ಕುಪ್ಪಸ ಬಕೆಟ್ಟು, ಒರೆಸುಬಟ್ಟೆಗಳ ಜೊತೆ ಬಿಟ್ಟಿಯಾಗಿ ಕೈಗೆ ಬಂತು. ಅವಳು ಬಟ್ಟೆ ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ನೋಡಿದಳು. ಕನ್ನಡಿ ಇರಲಿಲ್ಲ, ಕಿಟಕಿಯ ಗಾಜು ಇತ್ತು. ಗಾಜಿನಲ್ಲಿ ಅವಳ ತಾಯಿ ನಿಂತಿದ್ದಳು. ಕುತ್ತಿಗೆ ಹಿಂದೆ, ಕಾಲರಿನ ಒಳಗಡೆ, ಆಸ್ಪತ್ರೆಯ ಕಪ್ಪು ಠಸ್ಸೆ ಒತ್ತಿದ್ದರು. ಅದು ಹೊರಗೆ ಕಾಣುತ್ತಿರಲಿಲ್ಲ, ಆದರೆ ಅವಳಿಗೆ ಚುಚ್ಚುತ್ತಿತ್ತು. ಸಂತೋಷವೂ ಆಯಿತು, ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಕಣ್ಣೊರೆಸಿಕೊಂಡು ಬಕೆಟ್ ಎತ್ತಿಕೊಂಡು ಹೊರಟಳು.

ಮುಂದಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಟ್ಟದ ಕಡೆಯಿಂದ ಬಂದ ಮುದುಕನೊಬ್ಬ ನೆತ್ಸಾಯಿಯ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಪ್ಪಾಳೆ ತಟ್ಟಿ ನಮಸ್ಕರಿಸಿದ. ನೋಡಲು ಬಂದ ನೆಂಟರು ಅವಳನ್ನು ಕಂಡೊಡನೆ ದನಿ ತಗ್ಗಿಸಿದರು. ಗಂಡಸರ ವಾರ್ಡಿನಲ್ಲಿ ಕಸದ ಬುಟ್ಟಿ ತೆಗೆಯಲು ಹೋದ ಲವ್‌ನೆಸ್‌ಳ ಕೈಯನ್ನು ಹರ್ನಿಯಾದವನೊಬ್ಬ ಹಿಡಿದು, ಪ್ರಾರ್ಥನೆ ಮಾಡಿ ಹೋಗಿ ತಾಯಿ ಎಂದನಂತೆ.

"ಮಾಡ್ದೆ ಕಣೇ," ಎಂದಳು ಲವ್‌ನೆಸ್. "ಕಣ್ಣು ಮುಚ್ಚಿ ಏನೋ ಒದರಿದೆ. ಅವನಿಗೆ ನೋವೇ ಹೋಯ್ತಂತೆ. ಡಾಕ್ಟ್ರಿಗಿಂತ ನಾನೇ ವಾಸಿ. ಕೋಂಬಿ ವ್ಯಾನಿನೋನು ನಿನ್ನೆ ನನ್ನ ಹತ್ರ ಚಾರ್ಜೂ ಈಸ್ಕೊಳ್ಲಿಲ್ಲ."

"ಹಾಗೆಲ್ಲ ಮಾಡ್ಬಾರದು ಲವ್‌ನೆಸ್. ಆ ಬಟ್ಟೆ ನಮ್ಮದಲ್ಲ."

"ನಮ್ದಲ್ದೆ ಇನ್ಯಾರದ್ದು, ಒಗೆಯೋಳು ನಾನಲ್ವಾ? ನಿನಗೆ ಹಳೇ ನೋವು, ಅದಕ್ಕೆ ಹೀಗಾಡ್ತೀಯ."

ಲವ್‌ನೆಸ್ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಿಂಗಳ ಕೊನೆಯ ಶುಕ್ರವಾರ ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಬಾಟಲಿ ಅಂಗಡಿಗೆ ಹೋಗಿ, ಬಿಯರು ಕುಡಿದು, ಜಗಲಿಯಲ್ಲಿ ಕುಣಿದಳು. ಊರು ಕಣ್ಣು ತುಂಬ ನೋಡಿತು. ಸೋಮವಾರ ಬೆಳಿಗ್ಗೆ ಗುರುವಾರದ ಹೆಂಗಸರು ಆಸ್ಪತ್ರೆಯ ಬಾಗಿಲಿಗೆ ಬಂದರು. ಮುಂದೆ ಪಾದ್ರಿಯ ಹೆಂಡತಿ, ಊರಿಗೆಲ್ಲ ಪಾದ್ರಮ್ಮ, ಇನ್ನೂ ಚಿಕ್ಕ ವಯಸ್ಸಿನವಳು. ಅವಳ ಪಕ್ಕದಲ್ಲಿ ಅಂಬೂಯಾ ಮುಚೇನಾ.

ಮೇಟ್ರನ್ ಸಿತೋಲೆ ಎಲ್ಲರಿಗೂ ಕುರ್ಚಿ ಹಾಕಿಸಿ, "ನೋಡಿ, ನಮ್ ಚರ್ಚಿನ ಹೆಂಗಸರದು ನೀಲಿ. ಈಗ ನರ್ಸ್‌ಗಳೆಲ್ಲ ನೀಲಿ ಹಾಕ್ಕೊಂಡು ಓಡಾಡ್ತಿದಾರೆ. ನಾನೇನಾದ್ರೂ ಅತ್ನಾ?" ಎಂದಳು.

"ನಿಮ್ಮ ನೀಲೀನ ಯಾರೂ ಬಾಟ್ಲಿ ಅಂಗಡಿ ಜಗಲೀಲಿ ಕುಣಿಸಿಲ್ಲ ಮೇಡಂ," ಎಂದಳು ಅಂಬೂಯಾ.

ಬಟ್ಟೆ ಬಂದಾಗಿದೆ, ಹಿಂದಕ್ಕೆ ಕಳಿಸುವಂತಿಲ್ಲ, ಬೇರೆ ಬಣ್ಣ ಕೇಳಿದರೆ ಹರಾರೆಯವರು ನಗುತ್ತಾರೆ. ಮಾತು ಎಳೆದಾಡಿ ಎಳೆದಾಡಿ ಒಂದು ರಾಜಿಯಾಯಿತು. ಗುರುವಾರ ಒಂದು ದಿನ ಗುಡಿಸುವವರು ಕೆಂಪು ತೊಡುವಂತಿಲ್ಲ, ಹಳೆಯ ಖಾಕಿ ಕೋಟು ಹಾಕಿಕೊಳ್ಳಬೇಕು. ಉಳಿದ ದಿನ ಯಾರೂ ಅದನ್ನು ಆಸ್ಪತ್ರೆಯ ಗೇಟು ದಾಟಿಸಬಾರದು. ಹೊರಡುವಾಗ ಅಂಬೂಯಾ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದ ನೆತ್ಸಾಯಿಯನ್ನು ಕಂಡು ನಿಂತಳು. ಕೆಂಪು ಕುಪ್ಪಸವನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ನಿನಗೆ ಇದನ್ನ ತೊಡಿಸ್ದೋರು ಯಾರು?"

ನೆತ್ಸಾಯಿ ಮಂಡಿ ಬಗ್ಗಿಸಿ, "ಸ್ಟೋರಿನ ಚಿಗುಂಬು, ಅಂಬೂಯಾ. ಕೋಲಲ್ಲಿ," ಎಂದಳು. ಅಣಕವೆಂದುಕೊಂಡು ಮುದುಕಿ ಮುಖ ತಿರುಗಿಸಿ ನಡೆದಳು. ಅದು ಅಣಕವಾಗಿರಲಿಲ್ಲ, ನಡೆದದ್ದೇ ಹಾಗೆ.

ಮಳೆಗಾಲ ಶುರುವಾಗಿ ಮಝಾಂಜೆ ಹಣ್ಣು ರಸ್ತೆ ಬದಿಗೆ ಬಂದ ಹೊತ್ತಿನಲ್ಲಿ ಅಂಬೂಯಾ ಮುಚೇನಾ ಬೋರ್‌ವೆಲ್ಲಿನ ಪಾಚಿಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿ ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ಅದು ನೆತ್ಸಾಯಿಯ ವಾರ್ಡು.

ಮೊದಲ ದಿನವೇ ಮುದುಕಿ ನರ್ಸನ್ನು ಕರೆದು, "ನನ್ನ ಮಂಚದ ಕೆಳಗೆ ಇವಳು ಗುಡಿಸೋದು ಬೇಡ. ಬೇರೆಯೋಳನ್ನ ಕಳ್ಸು," ಎಂದಳು.

"ಬೇರೆಯೋಳು ಅಂದ್ರೆ ಲವ್‌ನೆಸ್, ಅಂಬೂಯಾ. ಬಾಟ್ಲಿ ಅಂಗಡಿ ಲವ್‌ನೆಸ್," ಎಂದಳು ನರ್ಸು. ಅಲ್ಲಿಗೆ ಆ ಮಾತು ಮುಗಿಯಿತು.

ನೆತ್ಸಾಯಿ ದಿನವೂ ಗುಡಿಸಿದಳು, ಒರೆಸಿದಳು, ಬೆಡ್‌ಪ್ಯಾನ್ ಒಯ್ದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಒಂದು ದಿನ ಗೋಡೆಗೆ ಹೇಳುವಂತೆ, "ನಿನ್ನ ತಾಯಿ ಈ ಬಣ್ಣ ತೊಟ್ಟು ಸೌದೇನೂ ಮುಟ್ತಿರಲಿಲ್ಲ. ನೀನು ಇದನ್ನ ಹಾಕ್ಕೊಂಡು ಉಚ್ಚೆ ಬಳೀತಿದೀಯ," ಎಂದಳು.

ನೆತ್ಸಾಯಿಗೆ ಉರಿದುಹೋಯಿತು. "ನಿಮ್ಮದೇ ಉಚ್ಚೆ, ಅಂಬೂಯಾ," ಎಂದಳು.

ಪಕ್ಕದ ಮಂಚದವಳು ಕಿಸಕ್ಕೆಂದು ನಕ್ಕು ಕಂಬಳಿಯೊಳಗೆ ಸೇರಿಕೊಂಡಳು. ಅಂದಿನಿಂದ ಅಂಬೂಯಾ ಅಂಥ ಮಾತಾಡಲಿಲ್ಲ, ಆದರೆ ಮುಖವನ್ನೂ ಈ ಕಡೆ ತಿರುಗಿಸಲಿಲ್ಲ. ನೆತ್ಸಾಯಿಗೂ ಆ ಮೇಲೆ ಬೇಜಾರಾಯಿತು. ಹೆತ್ತ ತಾಯಿಯ ವಯಸ್ಸಿನವಳಿಗೆ ಹಾಗೆ ಅನ್ನಬಾರದಿತ್ತು ಎಂದು ಮನೆಗೆ ಹೋದ ಮೇಲೂ ಕೊರೆಯಿತು.

ಗುರುವಾರ ಬಂತು. ಹೆಂಗಸರೆಲ್ಲ ತಮ್ಮ ಮುಂದಾಳನ್ನು ನೋಡಲು, ಅವಳ ಮಂಚದ ಸುತ್ತಲೇ ಪ್ರಾರ್ಥನೆ ನಡೆಸಲು ಬರುವವರಿದ್ದರು. ಅಂಬೂಯಾಳ ಸೊಸೆ ಹಿಂದಿನ ದಿನವೇ ಕುಪ್ಪಸವನ್ನು ಇಸ್ತ್ರಿ ಮಾಡಿ ತಂದಿಟ್ಟಿದ್ದಳು. ನರ್ಸುಗಳಿಗೆ ಬಿಡುವಿರಲಿಲ್ಲವಾದ್ದರಿಂದ ಮುದುಕಿಯನ್ನು ಎಬ್ಬಿಸಿ ತೊಡಿಸುವ ಕೆಲಸ ಖಾಕಿ ಕೋಟಿನ ನೆತ್ಸಾಯಿಯ ಪಾಲಿಗೆ ಬಂತು. ಅಂಬೂಯಾ ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಬೇರೆ ಗತಿಯೂ ಇರಲಿಲ್ಲ.

ನೋವಿನ ಮಾತ್ರೆ, ಕಂದು ಬಣ್ಣದ ಟಾನಿಕ್ಕು ಬಂದವು. "ಮೊದಲು ಗಂಜಿ ಕುಡೀರಿ ಅಂಬೂಯಾ, ಖಾಲಿ ಹೊಟ್ಟೇಲಿ ಅದು ನಿಲ್ಲಲ್ಲ," ಎಂದಳು ನೆತ್ಸಾಯಿ.

"ಗುರುವಾರ ಪ್ರಾರ್ಥನೆ ಮುಗಿಯೋ ತನಕ ನಾನು ಬಾಯಿಗೆ ಏನೂ ಹಾಕಲ್ಲ. ನಿನಗೆ ಗೊತ್ತು ಅದು."

"ದೇವರಿಗೆ ನಿಮ್ಮ ಕಾಲು ಮುರಿದಿರೋದೂ ಗೊತ್ತು."

"ಬಾಯಿ ಜಾಸ್ತಿ ನಿನಗೆ. ಆಗಲೂ ಇತ್ತು," ಎಂದು ಮುದುಕಿ ಮಾತ್ರೆ ನುಂಗಿ ಟಾನಿಕ್ಕು ಕುಡಿದಳು. ಗಂಜಿಯನ್ನು ದೂರ ತಳ್ಳಿದಳು.

ನೆತ್ಸಾಯಿ ಅವಳಿಗೆ ಕುಪ್ಪಸ ತೊಡಿಸಿ, ಗುಂಡಿ ಹಾಕಿ, ಎದೆಯ ಮೇಲೆ ಸಂಘದ ಪಿನ್ನು ಚುಚ್ಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಬಿಳಿ ಟೋಪಿ ಇಡಬೇಕು, ಅಷ್ಟರಲ್ಲಿ ಮುದುಕಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಬೇಸಿನ್ ಹಿಡಿಯುವಷ್ಟರಲ್ಲಿ ಕುಡಿದ ಟಾನಿಕ್ಕೆಲ್ಲ ಕಾಲರಿನ ಮೇಲೆ, ಎದೆಯ ಮೇಲೆ ಬಂತು. ಆಸ್ಪತ್ರೆಯ ಗೇಟಿನ ಕಡೆಯಿಂದ ಡೋಲಿನ ಸದ್ದು ಕೇಳಿತು.

ಅಂಬೂಯಾ ತನ್ನ ಎದೆಯನ್ನು ನೋಡಿಕೊಂಡಳು. ಎಂದೂ ಯಾರ ಮುಂದೆಯೂ ತಗ್ಗದ ಹೆಂಗಸು ಕೂಸಿನಂತೆ ಎರಡು ಕೈಯಿಂದ ಕಾಲರು ಮುಚ್ಚಿಕೊಂಡಳು. "ಬಾಗಿಲು ಹಾಕು. ಮಲಗಿದಾಳೆ ಅನ್ನು. ಇದನ್ನ ಹಾಕ್ಕೊಂಡು ನಾನು ಹೆಂಗೆ ಅವರ ಮುಖ ನೋಡ್ಲಿ? ಎಷ್ಟು ಜನ ಹುಡುಗೀರನ್ನ ಒಂದು ಸಣ್ಣ ಕಲೆಗೆ ಎಬ್ಬಿಸಿ ಕಳ್ಸಿದೀನಿ," ಎಂದಳು.

ನೆತ್ಸಾಯಿಗೆ ಆ ಗಳಿಗೆಯಲ್ಲಿ ಅನಿಸಿದ್ದನ್ನು ಮುಚ್ಚಿಡುವುದೇಕೆ, ಮೊದಲು ಅನಿಸಿದ್ದು ಒಳ್ಳೆಯದಾಯಿತು ಎಂದೇ. ಕೂರಲಿ ಒಂದು ಸಲ ಹೀಗೆ ಎಲ್ಲರೆದುರು, ಗೊತ್ತಾಗಲಿ ಎಂದುಕೊಂಡಳು. ಆಮೇಲೆ ಆ ಮುದಿ ಕೈಗಳನ್ನು ನೋಡಿದಳು. ಮಾತಾಡದೆ ಬಟ್ಟೆ ಕೋಣೆಗೆ ಓಡಿ, ಮೊಳೆಗೆ ತೂಗುಹಾಕಿದ್ದ ತನ್ನ ಕೆಂಪು ಕುಪ್ಪಸವನ್ನು ತಂದಳು.

ಅಂಬೂಯಾ ಅದನ್ನು ನೋಡಿ, "ಇದು ನಿಂದು," ಎಂದಳು.

"ಹೌದು. ಒಗೆದಿದೆ. ನಿನ್ನೆ ಸಂಜೆ ಇಸ್ತ್ರಿ ಹಾಕಿದೀನಿ."

"ಬಕೆಟ್ ಹೊರೋ ಬಟ್ಟೆ."

"ಹೂಂ, ಬಕೆಟ್ ಹೊರೋ ಬಟ್ಟೇನೆ. ಬೇಡ್ವಾ?"

ಡೋಲಿನ ಸದ್ದು ಔಷಧಿ ಕೊಡುವ ಕಿಟಕಿಯವರೆಗೆ ಬಂದಿತ್ತು. ಮುದುಕಿ ಒಂದು ಕೈ ಮುಂದೆ ಚಾಚಿದಳು, ಆಮೇಲೆ ಇನ್ನೊಂದು. ನೆತ್ಸಾಯಿ ಹಳೆಯದನ್ನು ಕಳಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ತೋಳು ತೂರಿಸಿ ಹೊಸದನ್ನು ತೊಡಿಸಿದಳು. ಯಾರ ಕೈ ಯಾರಿಗೆ ತೊಡಿಸಬೇಕಾಗಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಪಿನ್ನನ್ನು ಅದರಿಂದ ಇದಕ್ಕೆ ಬದಲಿಸಿ, ಕೊಳೆಯಾದದ್ದನ್ನು ಬಕೆಟ್ಟಿನಲ್ಲಿ ಮುಚ್ಚಿಕೊಂಡು ನೆತ್ಸಾಯಿ ಹೊರಗೆ ಬಂದಳು. ಬಾಗಿಲಲ್ಲಿ ಕೆಂಪು ಸಾಲು ಅವಳನ್ನು ದಾಟಿ ಒಳಗೆ ಹೋಯಿತು.

ಅವಳು ಕಾರಿಡಾರಿನ ಗೋಡೆಗೆ ಒರಗಿ ಕೇಳಿಸಿಕೊಂಡಳು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ಪಾದ್ರಮ್ಮ ಹಿಂದಿನ ಸಾಲಿನ ಹುಡುಗಿಯರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. "ಅಂಬೂಯಾನ ನೋಡಿ ಕಲೀರಿ. ಕಾಲು ಮುರಿದು ಮಲಗಿದ್ರೂ ಕುಪ್ಪಸದ ಒಂದು ಮಡಿಕೆ ಕೆಟ್ಟಿಲ್ಲ. ಆ ಕಾಲರು ನೋಡಿ. ಮನಸ್ಸು ಶುದ್ಧ ಇದ್ರೆ ಬಟ್ಟೆನೂ ಹಾಗೇ ಇರುತ್ತೆ."

ನೆತ್ಸಾಯಿ ಕಾದಳು. ಮುದುಕಿ ಈಗ ಹೇಳುತ್ತಾಳೆ, ಇದು ನೆತ್ಸಾಯಿಯದು ಎಂದು ಹೇಳುತ್ತಾಳೆ. ಒಳಗಿನಿಂದ ಬಂದದ್ದು ಅಂಬೂಯಾಳ ಕೆಮ್ಮು ಮಾತ್ರ. ಆಮೇಲೆ ಎಲ್ಲರೂ ಒಟ್ಟಾಗಿ ಆಮೆನ್ ಎಂದರು. ಹೊಗಳಿಸಿಕೊಂಡು ಕೂತಿದ್ದಾಳಲ್ಲ ಎಂದುಕೊಂಡಳು ನೆತ್ಸಾಯಿ. ಬಕೆಟ್ ಎತ್ತಿಕೊಂಡು ಹೋಗಿ, ಆ ಕೊಳೆ ಕುಪ್ಪಸವನ್ನು ನಲ್ಲಿಯ ಕೆಳಗೆ ಹಾಕಿ ಸಿಟ್ಟಿನಿಂದಲೇ ತಿಕ್ಕಿದಳು. ಎರಡು ಕಣ್ಣಿನಿಂದಲೂ ನೀರು ಸುರಿಯಿತು.

ಆದರೂ ತಾಯಿಯ ಕುಪ್ಪಸಕ್ಕೆ ಇಸ್ತ್ರಿ ಹಾಕಿದ ಕೈ ಅದು, ಅರ್ಧಂಬರ್ಧ ಕೆಲಸ ಅದಕ್ಕೆ ಬಾರದು. ಮನೆಗೆ ಒಯ್ದು ನಿಂಬೆರಸ ಹಚ್ಚಿ, ಹುಲ್ಲಿನ ಮೇಲೆ ಹರಡಿ ಬಿಸಿಲಿಗೆ ಹಾಕಿದಳು. ಕಲೆ ಹೋಯಿತು, ಕಾಲರಿನ ಒಂದು ಮೂಲೆಯಲ್ಲಿ ಮಾತ್ರ ಹುಣಸೆ ಎಲೆಯಷ್ಟು ತೆಳು ಕಂದು ಉಳಿಯಿತು. ರುವಾ ಪಕ್ಕದಲ್ಲಿ ಕೂತು ನೋಡಿದಳು.

"ಯಾರದ್ದಮ್ಮ ಇದು? ನಿಂದಾ?"

"ನಂದಲ್ಲ. ಮುಟ್ಟಬೇಡ, ಕೈಯೆಲ್ಲ ಮಝಾಂಜೆ ಅಂಟು."

ಅತ್ತ ಆಸ್ಪತ್ರೆಯಲ್ಲಿ ಅಂಬೂಯಾ ನೆತ್ಸಾಯಿಯ ಕುಪ್ಪಸವನ್ನು ವಾಪಸು ಕೊಡಲೇ ಇಲ್ಲ. ದಿಂಬಿನ ಕೆಳಗೆ ಮಡಿಸಿಟ್ಟುಕೊಂಡು, ಕೇಳಿದರೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದಳು. ಎರಡನೆಯ ಜೊತೆ ಬಟ್ಟೆ ಇನ್ನೂ ಬಂದಿರಲಿಲ್ಲ. ನೆತ್ಸಾಯಿ ಶುಕ್ರವಾರವೂ ಖಾಕಿ, ಶನಿವಾರವೂ ಖಾಕಿ. "ದಿನಾ ಗುರುವಾರನಾ ನಿನಗೆ?" ಎಂದು ಮೇಟ್ರನ್ ರೇಗಿದಳು. "ಒಂದು ಕೆಂಪು ಎಲ್ಲಿ ಹೋಯ್ತು, ನಿನ್ನ ತಲೆ ಮೇಲೆ ಬರುತ್ತೆ ನೋಡು," ಎಂದು ಚಿಗುಂಬು ಕೋಲು ಆಡಿಸಿದ.

ಸೋಮವಾರ ಅಂಬೂಯಾಳನ್ನು ಮನೆಗೆ ಕಳಿಸುವುದೆಂದಾಯಿತು. ನೆತ್ಸಾಯಿ ಒಗೆದ ಕುಪ್ಪಸವನ್ನು ಮಡಿಸಿ ತಂದು, ಮಂಡಿ ಬಗ್ಗಿಸಿ ಎರಡು ಕೈಯಲ್ಲಿ ಹಿಡಿದಳು. "ಮೂಲೇಲಿ ಒಂಚೂರು ಉಳ್ಕೊಂಡಿದೆ ಅಂಬೂಯಾ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ನಂದು ಕೊಡಿ, ಸ್ಟೋರಿನೋನು ಪ್ರಾಣ ತಿಂತಿದಾನೆ."

ಅಂಬೂಯಾ ಅದನ್ನು ತೆಗೆದುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ಅವಳ ಮುಖ ನೋಡಿದಳು. "ನಿನ್ನ ಮಗಳ ಹೆಸರೇನು?" ಎಂದು ಕೇಳಿದಳು.

"ರುವಾ. ಊರಿಗೆಲ್ಲ ಗೊತ್ತಲ್ಲ."

"ಪೂರ್ತಿ ಹೆಸರು."

"ರುವಾರಾಶೆ." ದೇವರ ಹೂವು ಎಂದು ಅದರ ಅರ್ಥ. ಅವಳು ಹುಟ್ಟಿದ ದಿನ ನೆತ್ಸಾಯಿ ತಾನೇ ಆರಿಸಿ ಇಟ್ಟದ್ದು.

ಮುದುಕಿ ದಿಂಬನ್ನು ತನ್ನ ಕಡೆ ಎಳೆದುಕೊಂಡಳು. "ನಿನ್ನ ಬಟ್ಟೆ ನನ್ನ ಹತ್ರಾನೇ ಇರ್ಲಿ. ಸ್ಟೋರಿನೋನು ಕೇಳಿದ್ರೆ ನನ್ನ ಮನೆಗೆ ಕಳ್ಸು, ಕೋಲು ತರೋದು ಮರೀಬೇಡ ಅನ್ನು. ಇದನ್ನ ನೀನು ಇಟ್ಕೋ. ಗುರುವಾರ ಹಾಕ್ಕೊಂಡು ಬಾ."

"ನಾನು ಪಶ್ಚಾತ್ತಾಪ ಪಟ್ಟಿಲ್ಲ ಅಂಬೂಯಾ. ಈಗಲೂ ಪಡಲ್ಲ."

"ನಾನು ಕೇಳಿದ್ನಾ? ಬಾ ಅಂದೆ ಅಷ್ಟೇ. ಇಸ್ತ್ರಿ ಚೆನ್ನಾಗಿ ಹಾಕು, ನಿಮ್ಮಮ್ಮ ಹಾಕಿಸ್ತಿದ್ದ ಹಾಗೆ."

ಬುಧವಾರ ಸಂಜೆ ನೆತ್ಸಾಯಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು. ಹೋಗುವುದೋ ಬೇಡವೋ ಎಂದು ತೀರ್ಮಾನವಾಗಿರಲಿಲ್ಲ. ಮುದುಕಿ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತವಳು. ಅಲ್ಲಿ, ಎಲ್ಲರ ಮಧ್ಯೆ ಮತ್ತೆ ಕೆಮ್ಮಿ ಸುಮ್ಮನಾದರೆ? ಈ ಸಲ ಎಬ್ಬಿಸಿ ಕಳಿಸಿದರೆ ಭಾನುವಾರದ ಕೊನೆಯ ಬೆಂಚೂ ಇರುವುದಿಲ್ಲ. ಹೀಗೆಲ್ಲ ಯೋಚಿಸುತ್ತಲೇ ಕಾಲರನ್ನು ಎರಡು ಸಲ ತೀಡಿದಳು.

ಗುರುವಾರ ಅವಳಿಗೆ ಬೆಳಗಿನ ಡ್ಯೂಟಿ. ಮುಗಿಸಿ, ಖಾಕಿ ಕೋಟನ್ನು ಮೊಳೆಗೆ ಹಾಕಿ, ಬಟ್ಟೆ ಕೋಣೆಯಲ್ಲಿ ಕುಪ್ಪಸ ತೊಟ್ಟು, ಹಿಂದಿನ ಗೇಟಿನಿಂದ ನಡೆದಳು. ಚರ್ಚಿನ ಅಂಗಳದ ನೀಲಗಿರಿ ಮರಗಳ ಕೆಳಗೆ ಚಾಪೆಗಳು ಹಾಸಿದ್ದವು. ಅಂಬೂಯಾ ಒಬ್ಬಳೇ ಕುರ್ಚಿಯ ಮೇಲೆ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು. ಡೋಲು ಬಡಿಯುತ್ತಿದ್ದವಳು ನೆತ್ಸಾಯಿಯನ್ನು ಕಂಡು ಕೈ ನಿಲ್ಲಿಸಿದಳು. ಒಂದೊಂದೇ ಹೋಶೋ ನಿಂತಿತು.

ಪಾದ್ರಮ್ಮ ಎದ್ದು ಬಂದಳು. ಕೆಟ್ಟವಳಲ್ಲ, ನಿಯಮ ಒಪ್ಪಿಸುತ್ತಿದ್ದಳು ಅಷ್ಟೇ. "ಮಾಯಿ ರುವಾ, ಗುರುವಾರ ಆಸ್ಪತ್ರೆ ಕೆಂಪು ಹಾಕ್ಬಾರದು ಅಂತ ಮಾತಾಗಿದೆ. ಗೇಟು ದಾಟಿಸ್ಬಾರದು ಅಂತಾನೂ ಆಗಿದೆ. ಅದನ್ನ ಹಾಕ್ಕೊಂಡು ನೀನು ಇಲ್ಲಿಗೇ ಬಂದಿದೀಯ. ಇಷ್ಟು ಜನರ ಮುಂದೆ ಬೇಡ, ಹೋಗಿ ಬಿಚ್ಚಿಟ್ಟು ಬಾ."

ನೆತ್ಸಾಯಿ ಅಂಬೂಯಾಳ ಕಡೆ ನೋಡಿದಳು. ಮುದುಕಿ ಕೆಮ್ಮಿದಳು. ನೆತ್ಸಾಯಿ ಬಂದ ದಾರಿಗೇ ತಿರುಗಿದಳು.

"ನಿಲ್ಲು," ಎಂದಳು ಅಂಬೂಯಾ. "ಆಸ್ಪತ್ರೆ ಕೆಂಪು ಹಾಕ್ಕೊಂಡಿರೋದು ಅವಳಲ್ಲ. ನಾನು."

ಕುತ್ತಿಗೆ ಬಗ್ಗಿಸಿ, ಬಿಳಿ ಕಾಲರನ್ನು ಹಿಂದಿನಿಂದ ಮಗುಚಿದಳು. ಕಪ್ಪು ಠಸ್ಸೆ ಎಲ್ಲರಿಗೂ ಕಂಡಿತು. ಓದಲು ಬಾರದವರಿಗೂ ಅದು ಗೊತ್ತು, ಆಸ್ಪತ್ರೆಯ ಕಂಬಳಿ, ದಿಂಬು, ಹಾಸಿಗೆಗಳ ಮೇಲೆಲ್ಲ ಅದೇ.

"ಹೋದ ಗುರುವಾರ ನೀವೆಲ್ಲ ಬಂದಾಗ ನಾನು ನಂದನ್ನ ವಾಂತಿ ಮಾಡಿ ಹೊಲಸು ಮಾಡ್ಕೊಂಡಿದ್ದೆ. ಇವಳು ತನ್ನದನ್ನ ತಂದು ನನಗೆ ತೊಡಿಸಿದ್ಲು. ಪಾದ್ರಮ್ಮ, ಇದನ್ನೇ ನೋಡಿ ಮನಸ್ಸು ಶುದ್ಧ ಅಂತ ನೀನು ಹೊಗಳಿದ್ದು. ನಾನು ಬಾಯಿ ಮುಚ್ಕೊಂಡು ಕೇಳಿಸ್ಕೊಂಡೆ. ಇವಳು ಹಾಕ್ಕೊಂಡಿದಾಳಲ್ಲ, ಅದು ನಂದು. ಪಾದ್ರಿ ಪ್ರಾರ್ಥನೆ ಮಾಡಿದ್ದು ಅದರ ಮೇಲೆ. ಅವಳದ್ದು ಬಿಚ್ಚಿಸೋದಾದ್ರೆ ಮೊದಲು ನಂದು ಬಿಚ್ಚಿಸಿ. ಬನ್ನಿ, ಯಾರು ಬರ್ತೀರ?"

ಯಾರೂ ಏಳಲಿಲ್ಲ. ಪಾದ್ರಮ್ಮ ಮೆಲ್ಲನೆ, "ಆದ್ರೆ ಅಂಬೂಯಾ, ಅವಳು ಪಶ್ಚಾತ್ತಾಪ," ಎಂದು ಅರ್ಧಕ್ಕೆ ನಿಲ್ಲಿಸಿದಳು.

"ಆ ಮಗು ಹುಟ್ಟಿ, ನಡೆದು, ಸ್ಕೂಲಿಗೆ ಹೋಗೋ ಹಾಗಾಯ್ತು. ಒಂದೇ ಬೀದೀಲಿ ಇದ್ದು ನಾನು ಅದರ ಹೆಸರೇನು ಅಂತ ಕೇಳಿರಲಿಲ್ಲ. ಮೊನ್ನೆ ಕೇಳ್ದೆ. ಪಶ್ಚಾತ್ತಾಪ ಬೇಕೇ ಬೇಕು ಅಂದ್ರೆ ಅದಕ್ಕೆ ನಾನು ಪಡ್ತೀನಿ. ನಿಂತ್ಕೊಳ್ಳೋಕೆ ಕಾಲಿಲ್ಲ, ಕೂತೇ ಪಡ್ತೀನಿ. ರುವಾರಾಶೆ ಅಂತ ಅದರ ಹೆಸರು."

ಇಷ್ಟು ಹೇಳಿ ಮುದುಕಿ ಕಣ್ಣೊರೆಸಿಕೊಂಡು, ಮಗುಚಿದ ಕಾಲರನ್ನು ಸರಿಮಾಡಿಕೊ‍ಳ್ಳಲು ತಡಕಾಡಿದಳು. ಅದು ಸರಿಯಾಗಿ ಕೂರಲಿಲ್ಲ. ಪಾದ್ರಮ್ಮನೇ ಹಿಂದೆ ಹೋಗಿ ಅದನ್ನು ಮಡಿಸಿ, ಠಸ್ಸೆಯನ್ನು ಒಳಗೆ ಸೇರಿಸಿ, ಅಂಗೈಯಿಂದ ತಟ್ಟಿ ಕೂರಿಸಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ನೆತ್ಸಾಯಿ ಅಭ್ಯಾಸದಿಂದ ಹಿಂದಿನ ಚಾಪೆಯ ಕಡೆ ಹೆಜ್ಜೆ ಇಟ್ಟಳು. ಟೊಮೇಟೊ ಮಾರುವವಳು ಅವಳ ಲಂಗ ಹಿಡಿದೆಳೆದು, "ಎಲ್ಲಿಗೆ ಹೋಗ್ತೀಯ, ಇಲ್ಲೇ ಕೂತ್ಕೋ," ಎಂದು ಸರಿದು ಜಾಗ ಮಾಡಿ, ತನ್ನ ಎರಡು ಹೋಶೋಗಳಲ್ಲಿ ಒಂದನ್ನು ಅವಳ ಕೈಗೆ ತುರುಕಿದಳು. ನೆತ್ಸಾಯಿ ಮಂಡಿಯೂರಿದಳು. ಡೋಲು ಮತ್ತೆ ಶುರುವಾಯಿತು. ಮೊದಲ ಒಂದೆರಡು ಸಾಲಿನಲ್ಲಿ ಅವಳ ಹೋಶೋ ತಾಳ ತಪ್ಪಿತು. ಆಮೇಲೆ ಕೈ ನೆನಪು ಮಾಡಿಕೊಂಡಿತು.